ಕೆಂಪು ಮೇಣದ ಸೀಸೆ

ಇದು ನಡೆದದ್ದು ನಡೆದ ಹಾಗೆಯೇ. ಒಂದು ಹನಿ ನೀರೂ ಬೆರೆಸಿಲ್ಲ. ಪೋಲೆಂಡಿನ ಸಾನೊಕ್ ಊರಿನಲ್ಲಿ ಬಿಯರಿಗೆ ನೀರು ಬೆರೆಸಿದವನನ್ನಾದರೂ ಕ್ಷಮಿಸಿಯಾರು, ಬೊಗ್ನಾಳ ಕಥೆಗೆ ಬೆರೆಸಿದವನನ್ನು ಬಿಡುವುದಿಲ್ಲ.

ಮನೆಯಲ್ಲೇ ಬಿಯರು ಕಾಯಿಸುವವರ ಸಂಘಕ್ಕೆ ಹಳೆಯ ಗಿರಣಿಯ ಕೆಳಗೊಂದು ನೆಲಮಾಳಿಗೆ ಇತ್ತು. ಅದರ ಒಳಗೋಡೆಯ ಕಪಾಟು ಬೊಗ್ನಾಳದು. ಅವಳ ಪೋರ್ಟರ್ ಎಂಬ ಕಪ್ಪು ಬಿಯರು ಸೀಸೆಗಿಳಿದ ಮೇಲೆ ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿ ಎರಡು ಮೂರು ವಾರ ಕೂತು ನೊರೆ ಕಟ್ಟಿಕೊಳ್ಳುತ್ತಿತ್ತು. ಆಮೇಲೆ ಬಾಯಿಗೆ ಕೆಂಪು ಮೇಣ ಮೆತ್ತಿಸಿಕೊಂಡು, ನೆಲಮಾಳಿಗೆಯ ಎಂಟು ಡಿಗ್ರಿ ತಣ್ಪಿನಲ್ಲಿ ಎರಡು ಚಳಿಗಾಲ ಮಲಗುತ್ತಿತ್ತು. ನಡುವೆ ಯಾರು ಗೋಗರೆದರೂ ಒಂದು ಗುಟುಕೂ ಸಿಗುತ್ತಿರಲಿಲ್ಲ.

ಸಂಘದ ಹೊಸ ಅಧ್ಯಕ್ಷ ಅವಳ ತಮ್ಮನ ಮಗ ಲೆಸ್ವಾವ್. ಅವನಿಗೆ ನೆಲಮಾಳಿಗೆಗೆ ಹೀಟರ್ ಹಾಕಿಸುವ ಹುಚ್ಚು.

“ಇಪ್ಪತ್ತು ಡಿಗ್ರಿ ಇಟ್ರೆ ಎಲ್ರ ಬಿಯರೂ ತಿಂಗಳಿಗೆ ರೆಡಿ ಅತ್ತೆ. ನಿಮ್ಮದೊಂದೇ ಹೀಗೆ ಕರಡಿ ಥರ ಮಲಗಿರೋದು.”

“ಮಲಗಿದ ಕರಡೀನ ಎಬ್ಬಿಸೋಕೆ ಹೋದವರು ವಾಪಸ್ ಬಂದದ್ದು ಕಮ್ಮಿ ಕಣೋ. ಹೀಟರ್ ತಂದ್ರೆ ಅದನ್ನೂ ಹೊರಗೆಸೀತೀನಿ, ನಿನ್ನನ್ನೂ ಎಸೀತೀನಿ. ನಿನ್ನ ಪೋರ್ಟರ್ ಕುಡಿದು ಪಾದ್ರಿಗೇ ಕೆಮ್ಮು ಹತ್ತಿತ್ತಲ್ಲ, ಮರೆತ್ಯಾ?”

ಅವನು ಮರೆತಿರಲಿಲ್ಲ. ಎರಡು ವರ್ಷದ ಹಿಂದೆ ಅವನ ಪೋರ್ಟರ್ ಸಾರಾಯಿಯ ಹಾಗೆ ಎಲ್ಲರ ಗಂಟಲು ಸುಟ್ಟಿತ್ತು. ಅವಮಾನದಲ್ಲಿ ಇಡೀ ಕ್ರೇಟನ್ನು ಅತ್ತೆಯ ಬಾಗಿಲಲ್ಲಿ ಕುಕ್ಕಿ, “ಚರಂಡಿಗೆ ಸುರೀರಿ” ಎಂದು ಹೋಗಿಬಿಟ್ಟಿದ್ದ.

ಕೊನೆಗೆ ಒಂದು ಒಪ್ಪಂದವಾಯಿತು. ಜನವರಿಯ ಪೋರ್ಟರ್ ಕೂಟದಲ್ಲಿ ಬೊಗ್ನಾ ಒಂದು ಸೀಸೆ ತೆರೆಯಬೇಕು. ಅದು ಎರಡು ಚಳಿಗಾಲ ಕಾಯಲು ತಕ್ಕದ್ದೆಂದು ಜನ ಒಪ್ಪದಿದ್ದರೆ ಕಪಾಟು ಖಾಲಿ, ಹೀಟರ್ ಒಳಗೆ.

ಕೂಟದ ದಿನ ಬೆಳಿಗ್ಗೆ ಸೀಸೆ ತರಲು ಇಳಿದ ಬೊಗ್ನಾ ಕಪಾಟಿನ ಮುಂದೆ ನಿಂತುಬಿಟ್ಟಳು. ಎಲ್ಲ ಸೀಸೆಗಳ ಮೇಣ ಧೂಳು ಕುಡಿದು ಮಂಕಾಗಿತ್ತು. ಮುಂದಿನ ಸಾಲಿನ ಒಂದರದು ಮಾತ್ರ ಮದುವಣಗಿತ್ತಿಯ ತುಟಿಯಂತೆ ಹೊಳೆಯುತ್ತಿತ್ತು. ಯಾರೋ ಕುಡಿದು, ಬೇರೇನೋ ತುಂಬಿ, ಹೊಸ ಮೇಣ ಹಚ್ಚಿದ್ದರು. ಅವಳ ಕಿವಿ ಬಿಸಿಯಾಯಿತು. ಸೀಸೆಯನ್ನು ತಿರುಗಿಸಿ ತಳ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಅದೇ ಸೀಸೆಯನ್ನು ಕಂಕುಳಲ್ಲಿ ಇರುಕಿಕೊಂಡಳು.

ಸಂಜೆ ನೆಲಮಾಳಿಗೆ ತುಂಬಿತ್ತು. ಲೆಸ್ವಾವ್ ಸೊಂಟಕ್ಕೆ ಕೈಯಿಟ್ಟು, ಮೂಗು ಮೇಲೆತ್ತಿ, ಥೇಟ್ ಅತ್ತೆಯದೇ ದನಿಯಲ್ಲಿ ಸಾರಿದ: “ಯಾರಾದ್ರೂ ನನ್ನ ಪೋರ್ಟರ್ ಮುಟ್ಟಿ ನೋಡಿ, ಬೆರಳು ಕತ್ತರಿಸಿ ಸಾಸೇಜ್ ಮಾಡ್ತೀನಿ!”

ಜನ ನಕ್ಕರು. ಬೊಗ್ನಾ ಮೇಣ ಕೆತ್ತಿ ಬಿರಡೆ ಎತ್ತಿದಳು. ಬುಸ್ ಎನ್ನಲಿಲ್ಲ. ಲೋಟಕ್ಕೆ ಬಗ್ಗಿಸಿದರೆ ನೊರೆಯೂ ಇಲ್ಲ. ಬಂದದ್ದು ತಣ್ಣಗಿನ ಬಾರ್ಲಿ ಕಾಫಿ! ನಗು ಚಾವಣಿಗೆ ಬಡಿಯಿತು.

“ನಾನೇ ಕುಡಿದದ್ದು, ಕ್ಷಮಿಸಿ ಅತ್ತೆ!” ಎಂದು ಲೆಸ್ವಾವ್ ನಡುಬಗ್ಗಿಸಿದ.

“ಕ್ಷಮೆ ಆಮೇಲೆ. ಹೇಗಿತ್ತು ಹೇಳು.”

“ತಮಾಷೆಗೆ ಕದ್ದರೂ ರುಚಿ ವಿಷಯದಲ್ಲಿ ಸುಳ್ಳು ಹೇಳಲ್ಲ. ಒಣಗಿಸಿದ ಪ್ಲಮ್ಮು, ಸೀದ ರೊಟ್ಟಿ ಅಂಚು... ರೇಷ್ಮೆ ಅತ್ತೆ, ರೇಷ್ಮೆ.”

“ಗಂಟಲು ಸುಡ್ಲಿಲ್ವಾ?”

“ಒಂಚೂರೂ ಇಲ್ಲ.”

“ಎಲ್ರೂ ಕೇಳಿಸ್ಕೊಂಡ್ರಾ?” ಬೊಗ್ನಾ ಸೀಸೆಯ ತಳ ಎತ್ತಿ ತೋರಿಸಿದಳು. ಸೀಮೆಸುಣ್ಣದಲ್ಲಿ ಅವಳೇ ಬರೆದ ಅಕ್ಷರ: ಲೆ. “ಇದು ನಿಂದೇ ಪೋರ್ಟರು ಕಣೋ. ಚರಂಡಿಗೆ ಸುರಿ ಅಂದಿದ್ಯಲ್ಲ, ಅದೇ ಕ್ರೇಟು. ನಾನೇನೂ ಮಾಡ್ಲಿಲ್ಲ, ಮೇಣ ಹಚ್ಚಿ ನನ್ನ ಕಪಾಟಲ್ಲಿ ತಣ್ಣಗೆ ಮಲಗಿಸ್ದೆ ಅಷ್ಟೆ. ಈಗ ಹೇಳು, ಹೀಟರ್ ಎಲ್ಲಿಡೋಣ?”

ಬೊಗ್ನಾ ಆ ಬಾರ್ಲಿ ಕಾಫಿಯನ್ನೇ ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಲೆಸ್ವಾವ್‌ನ ತಲೆಯ ಮೇಲೆ ಬೋರಲು ಹಾಕಿ, ಕಪಾಟಿನ ಸೀಸೆಗಳೆಲ್ಲ ಗಲಗಲ ಎನ್ನುವಂತೆ ನಕ್ಕಳು.