ಎರಡು ಕಡ್ಡಿ, ಒಂದು ಲೋಟ ನೀರು

1.

ಎಲ್ಲಿಂದ ಶುರು ಮಾಡಲಿ? ಕಾಲಿಂಗ್ ಬೆಲ್‌ನಿಂದ? ಸೇಲ್ಸ್‌ನವನ ಕಥೆ ಬೆಲ್‌ನಿಂದ ಶುರುವಾದರೆ ನೀವು ಬಾಗಿಲೇ ತೆರೆಯುವುದಿಲ್ಲ. ಒಳಗಿನಿಂದಲೇ 'ಏನೂ ಬೇಡ' ಎಂದು ಕೂಗಿ ಮುಂದಿನ ಪುಟಕ್ಕೆ ಹೋಗುತ್ತೀರಿ. ಬಿಸಿಲಿನಿಂದ? ಬಿಸಿಲಿನಲ್ಲಿ ಟೈ ಕಟ್ಟಿಕೊಂಡು ನಡೆಯುವ ಬಡಪಾಯಿ ಎಂದು ಬರೆದ ಕೂಡಲೇ ನಿಮಗೆ ಅವನ ಮೇಲೆ ಕನಿಕರ ಹುಟ್ಟುತ್ತದೆ. ಕನಿಕರಕ್ಕೆ ಇಲ್ಲಿ ಜಾಗವಿಲ್ಲ. (ಅಂದಹಾಗೆ ಅದು ಕಟ್ಟುವ ಟೈ ಅಲ್ಲ. ಗಂಟು ಮೊದಲೇ ಹಾಕಿದೆ, ಹಿಂದೆ ಎಲಾಸ್ಟಿಕ್ ಇದೆ. ಕಂಪನಿ ಕೊಟ್ಟಿದ್ದು.)

ವರದಿಯ ಹಾಗೆ ಬರೆಯುತ್ತೇನೆ, ನನಗೆ ಬರುವುದು ಅದೊಂದೇ. ಮನುಷ್ಯ ನೀರು ಶುದ್ಧ ಮಾಡುವ ಮೆಶಿನ್ ಮಾರುತ್ತಾನೆ. ಸೇಲ್ಸ್ ರೆಪ್. ಕೆಲಸ ಇನ್ನೂ ಖಾಯಂ ಆಗಿಲ್ಲ. ಮದುವೆಯಾಗಿದೆ. ಬ್ಯಾಗಿನಲ್ಲಿ ಒಂದು ಸಾಧನ ಇದೆ.

2.

ಸಾಧನ ಹೀಗಿದೆ: ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಅದರಿಂದ ಇಳಿಬಿದ್ದ ಎರಡು ಕಬ್ಬಿಣದ ಕಡ್ಡಿ, ಒಂದು ವೈರು, ಒಂದು ಪ್ಲಗ್ಗು. ನಿಮ್ಮ ಮನೆಯ ನಲ್ಲಿ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಕಡ್ಡಿ ಅದ್ದಿ, ಸ್ವಿಚ್ ಹಾಕಿದರೆ ನೀರು ನೋಡನೋಡುತ್ತಿದ್ದಂತೆ ಕಂದಾಗುತ್ತದೆ. ಗಸಿ ತೇಲುತ್ತದೆ. ಕಂಪನಿಯ ಮೆಶಿನ್‌ನ ನೀರಿಗೆ ಅದೇ ಕಡ್ಡಿ ಅದ್ದಿದರೆ ಏನೂ ಆಗುವುದಿಲ್ಲ.

ಈಗ ಸತ್ಯಾಂಶ. ಆ ಬಣ್ಣ ಕಡ್ಡಿಯದು. ಕರೆಂಟು ಹರಿದಾಗ ಕಬ್ಬಿಣ ಕರಗಿ ತುಕ್ಕಾಗುತ್ತದೆ, ಅಷ್ಟೆ. ಕರೆಂಟು ಹರಿಯಲು ನೀರಿನಲ್ಲಿ ಒಂದಿಷ್ಟು ಲವಣ ಕರಗಿರಬೇಕು. ನಲ್ಲಿ ನೀರಿನಲ್ಲಿ ಅದಿರುತ್ತದೆ. ಮೆಶಿನ್ ಅದನ್ನು ತೆಗೆದುಹಾಕಿರುತ್ತದೆ. ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂಬ ಬಗ್ಗೆ ಈ ಪರೀಕ್ಷೆ ಚಕಾರ ಎತ್ತುವುದಿಲ್ಲ.

ರೆಪ್‌ಗೆ ಇದು ಗೊತ್ತು. ಏರಿಯಾ ಮ್ಯಾನೇಜರ್‌ಗೂ ಗೊತ್ತು. ಕಿಟಕಿಯಿಲ್ಲದ ಟ್ರೈನಿಂಗ್ ರೂಮಿನಲ್ಲಿ ಆತ ಹೇಳಿದ್ದು ಇಷ್ಟು:

"ನಾವು ಮೆಶಿನ್ ಮಾರಲ್ಲ ಕಣ್ರಯ್ಯಾ. ನಾವು ಮಾರೋದು 'ಅಯ್ಯಯ್ಯೋ' ಅನ್ನೋ ಒಂದು ಶಬ್ದ. ಆ ಶಬ್ದ ಬರೋ ತನಕ ಪ್ಲಗ್ ತೆಗೀಬೇಡಿ. ಮೊದಲನೇ ಡೆಮೊ ನಿಮ್ಮನೇಲೇ ಮಾಡಿ. ಮನೆಯವರು ನಂಬಿದ್ರೆ ಊರು ನಂಬುತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಟ್ರೈನಿಂಗ್‌ನಲ್ಲಿ ಚಪ್ಪಾಳೆಗೂ ಟ್ರೈನಿಂಗ್ ಇರುತ್ತದೆ.

2. (ಮತ್ತೆ)

ಇಲ್ಲೊಂದು ಕರಡು ಇತ್ತು. ಅದರಲ್ಲಿ ರೆಪ್ ಎದ್ದು ನಿಂತು "ಸಾರ್, ಇದು ಮೋಸ" ಎನ್ನುತ್ತಿದ್ದ. ಓದಿ ನನಗೇ ನಗು ಬಂತು. ಟೈ ಎಲಾಸ್ಟಿಕ್ಕಿನದು ಎಂದು ಮೊದಲೇ ಹೇಳಿದ್ದೇನೆ. ಆ ಕರಡು ಕಸದ ಬುಟ್ಟಿಯಲ್ಲಿದೆ.

3.

ಅವನ ಮನೆಯಲ್ಲಿ ಆಗ ಅತ್ತೆ ಇದ್ದರು, ಅಂದರೆ ಹೆಂಡತಿಯ ತಾಯಿ. ಕಿಡ್ನಿಯ ಕಲ್ಲು ತೆಗೆಸಿಕೊಂಡು ಮಗಳ ಮನೆಗೆ ಸುಧಾರಿಸಿಕೊಳ್ಳಲು ಬಂದಿದ್ದರು. ಡಾಕ್ಟರು ಕಳಿಸಿಕೊಡುವಾಗ ಹೇಳಿದ ಮಾತು ಒಂದೇ: ನೀರು ಧಾರಾಳವಾಗಿ ಕುಡಿಯಿರಿ, ಇಲ್ಲದಿದ್ದರೆ ಇನ್ನೊಂದು ಕಲ್ಲು ಹೊತ್ತುಕೊಂಡು ಇಲ್ಲಿಗೇ ಬರುತ್ತೀರಿ.

ರೆಪ್ ಮೊದಲನೇ ಡೆಮೊವನ್ನು ಊಟದ ಟೇಬಲ್ಲಿನ ಮೇಲೆ ಅತ್ತೆಯ ಮುಂದೆ ಮಾಡಿದ. ಲೋಟ ಕಂದಾಯಿತು.

"ಅಯ್ಯಯ್ಯೋ," ಎಂದರು ಅತ್ತೆ.

ರೆಪ್‌ಗೆ ಹೆಮ್ಮೆಯಾಯಿತು. (ಮುಖ ಅರಳಿತು ಎಂದು ಬರೆದಿದ್ದೆ, ಹೊಡೆದುಹಾಕಿದೆ. ಅರಳುವಂಥದ್ದು ಅವನ ಮುಖದಲ್ಲಿ ಏನೂ ಇಲ್ಲ.)

ಮಾರನೇ ದಿನದಿಂದ ಅತ್ತೆ ಆ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಮಾತ್ರೆ ನುಂಗಲು ಒಂದು ಗುಟುಕು, ಅದೂ ಕಣ್ಣು ಮುಚ್ಚಿಕೊಂಡು.

"ಅತ್ತೆ, ಇದು ಕಾಯಿಸಿ ಆರಿಸಿದ್ದು."

"ಕಡ್ಡಿ ಅದ್ದಿ ನೋಡೋಣ, ಅಳಿಯಂದ್ರೇ."

ಅದ್ದಿದ. ಕಂದು.

"ಇದು ಅಂಗಡೀದು. ಸೀಲ್ ನೋಡಿ, ಒಡೆದಿಲ್ಲ."

"ಸೀಲ್ ಇರೋದು ಬಾಟ್ಲಿಗೆ. ನೀರಿಗೆಲ್ಲಿದೆ? ಅದ್ದಿ."

ಅದೂ ಕಂದು. (ಬಾಟಲಿ ನೀರಿನಲ್ಲೂ ಲವಣ ಇರುತ್ತದೆ. ಬೇಕಿದ್ದರೆ ಲೇಬಲ್ಲಿನ ಹಿಂಭಾಗ ಓದಿ.)

ಅಡುಗೆಮನೆಯಿಂದ ಹೆಂಡತಿ ಬಂದಳು. "ರೀ, ಒಂದು ಮೆಶಿನ್ ತಂದು ಹಾಕ್ಬಾರ್ದೇನ್ರೀ? ಊರಿಗೆಲ್ಲಾ ಹಾಕ್ತೀರಿ."

"ನಾನು ಮಾರೋನು ಕಣೇ, ಕೊಳ್ಳೋನಲ್ಲ."

"ಅಂದ್ರೆ?"

"ಅಂದ್ರೆ ಏನು, ಒಂದು ತಿಂಗಳ ಸಂಬಳ ಅದು!"

"ಫೋನಲ್ಲಿ ಯಾರಿಗೋ 'ಆರೋಗ್ಯದ ಮುಂದೆ ಜುಜುಬಿ ದುಡ್ಡು ಮೇಡಂ' ಅಂತಿದ್ರಿ?"

"ಅದು ಅವರ ದುಡ್ಡು."

4.

ಅತ್ತೆ ನೀರು ಬಿಟ್ಟರೇ ಹೊರತು ಮಾತು ಬಿಡಲಿಲ್ಲ. ಮೆಟ್ಟಿಲ ಮೇಲೆ, ಲಿಫ್ಟಿನಲ್ಲಿ, ಬಟ್ಟೆ ಒಣಗಿಸುವ ತಾರಸಿಯಲ್ಲಿ, ಕಂಡವರಿಗೆಲ್ಲ ಕಂದು ಲೋಟದ ಕಥೆ ಹೇಳಿದರು. (ನನಗಿಂತ ಚೆನ್ನಾಗಿ ಹೇಳಿದರು. ಎಲ್ಲಿಂದ ಶುರು ಮಾಡಲಿ ಎಂದು ಯಾರನ್ನೂ ಕೇಳಲಿಲ್ಲ.) ಮೂರನೇ ಮಹಡಿಯ ಆಂಟಿ ಮೊದಲು ಮೆಶಿನ್ ಹಾಕಿಸಿಕೊಂಡರು. ಉಳಿದ ಮನೆಯವರು ಆಂಟಿಯ ಅಭಿಪ್ರಾಯಕ್ಕೆ ಕಾದು ಕೂತರು.

ಏರಿಯಾ ಮ್ಯಾನೇಜರ್ ಆಫೀಸಿನ ಗ್ರೂಪಿನಲ್ಲಿ ಬರೆದ: 'ಭೇಷ್! ಆ ಬಿಲ್ಡಿಂಗ್ ಪೂರ್ತಿ ಬಂದ್ರೆ ನಿನ್ನ ಕೆಲಸ ಖಾಯಂ. ಅತ್ತೆಯವರನ್ನೂ ಟೀಮ್‌ಗೆ ಹಾಕ್ಕೊಳ್ಳೋಣ್ವಾ?' ಕೆಳಗೆ ಸಾಲು ಸಾಲು ಚಪ್ಪಾಳೆಯ ಚಿತ್ರ.

ಅದೇ ವಾರ ಅತ್ತೆಗೆ ಮತ್ತೆ ಸೊಂಟದ ಪಕ್ಕ ಹಿಡಿದುಕೊಳ್ಳತೊಡಗಿತು. ಹೇಳಲಿಲ್ಲ. ಸೋಫಾದಿಂದ ಏಳುವಾಗ ಗೋಡೆ ಹಿಡಿದದ್ದನ್ನು ರೆಪ್ ನೋಡಿದ.

5.

"ಸಾರ್, ಒಂದ್ನಿಮಿಷ," ಎಂದ ರೆಪ್.

ಪಾತ್ರಗಳು ಹೀಗೆ ನಡುವೆ ಬಾಯಿ ಹಾಕುವುದು ನನಗೆ ಹಿಡಿಸುವುದಿಲ್ಲ. ಆದರೂ "ಏನು?" ಎಂದೆ.

"ಇಷ್ಟುದ್ದ ಬರೆದ್ರಿ. ನಾನು ಒಳ್ಳೇದು ಅಂತ ಒಂದೂ ಮಾಡಿಲ್ವಾ?"

"ನೀನು ಮಾಡಿದ್ದನ್ನೇ ಬರೆದಿದ್ದೀನಿ."

"ಅತ್ತೆ ಆಸ್ಪತ್ರೇಲಿದ್ದಾಗ ಬೆಂಚಿನ ಮೇಲೆ ಮಲಗ್ತಿದ್ದೋನು ನಾನು. ಬರೆದ್ರಾ?"

"ಕಥೆಗೆ ಸಂಬಂಧ ಇಲ್ಲ."

"ಹಾಂ, ಅದೇ ಸಾರ್. ನೀವೂ ಕಡ್ಡಿ ಅದ್ದಿದ್ರಿ, ನಾನು ಕಂದಾದೆ, ಓದೋರು ಅಯ್ಯಯ್ಯೋ ಅಂದ್ರು. ಬಣ್ಣ ಯಾರ್ದು ಅಂತ ಯಾರು ಕೇಳ್ತಾರೆ?"

(ಪರಿಶೀಲಿಸಿದೆ. ಬೆಂಚಿನ ಮಾತು ನಿಜ. ಮೊದಲ ಕರಡಿನಲ್ಲಿ ಇತ್ತು. ಓದುಗರಿಗೆ ಕನಿಕರ ಬಂದೀತೆಂದು ತೆಗೆದಿದ್ದೆ.)

"ಹಾಗಾದ್ರೆ ಒಳ್ಳೇದೊಂದು ಮಾಡು," ಎಂದೆ. "ಹೋಗಿ ಅತ್ತೆಗೆ ನಿಜ ಹೇಳು. ಬರೀತೀನಿ."

"ಕೆಲಸ ಹೋಗುತ್ತೆ ಸಾರ್."

"ನನ್ನದು ಹೋಗಲ್ಲ."

6.

ಹೇಳಿದ. ಅವನ ಪುಣ್ಯದ ಲೆಕ್ಕದಲ್ಲಿ ಅದನ್ನು ದಾಖಲಿಸುತ್ತಿದ್ದೇನೆ.

"ಅತ್ತೆ, ಅದು ಸುಳ್ಳು. ಬಣ್ಣ ಕಡ್ಡೀದು, ನೀರಿಂದಲ್ಲ. ನಲ್ಲಿ ನೀರು ಕುಡೀರಿ. ನಾನೂ ದಿನಾ ಕುಡೀತೀನಲ್ಲ?"

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕೊಡಿಸೋಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ನಿ, ಅಳಿಯಂದ್ರೇ. ನಾನೇನು ಮೆಶಿನ್ ಕೇಳಿದ್ನಾ? ಕಣ್ಣಾರೆ ಕಂಡಿದ್ದನ್ನ ಸುಳ್ಳು ಅನ್ಬೇಡಿ."

"ಕಂಪನಿಯವರೇ ಹೇಳ್ಕೊಟ್ಟಿದ್ದು ಅತ್ತೆ, ಜನಾನ ಹೆದ್ರಿಸೋಕೆ."

"ಅಷ್ಟು ದೊಡ್ಡ ಕಂಪನಿಯವರು ಸುಳ್ಳು ಹೇಳ್ತಾರೆ, ನೀವು ನಿಜ ಹೇಳ್ತೀರಿ. ಅಲ್ವೇ?"



7.

ಆಗಲೇ ಬೆಲ್ ಆಯಿತು. (ಬೇಡ ಬೇಡ ಎಂದರೂ ಬಂತು.) ಮೂರನೇ ಮಹಡಿಯ ಆಂಟಿ, ಕೈಯಲ್ಲೊಂದು ಬಾಟಲಿ.

"ಅಮ್ಮಾ, ನಮ್ಮ ಮೆಶಿನ್ ನೀರು. ಕುಡೀರಿ, ಮುಖ ನೋಡಿ ಹೇಗೆ ಬಾಡಿದೆ!"

"ಬೇಡಮ್ಮ. ಅಳಿಯನ ಮನೇಲಿ ಕುಡಿಯೋಕೆ ನೀರಿಲ್ಲ ಅಂತ ಊರೆಲ್ಲಾ ಆಡ್ಕೊಳ್ಳಲಿ ಅಂತಲಾ?"

"ಒಂದು ಲೋಟಕ್ಕೆ ಯಾರು ಆಡ್ಕೋತಾರೆ!"

ಆಂಟಿ ಲೋಟಕ್ಕೆ ಬಗ್ಗಿಸಿದರು. ಅತ್ತೆ ಕಡ್ಡಿಯ ಕಡೆ ಬೆರಳು ತೋರಿಸಿದರು. ರೆಪ್ ಅದ್ದಿದ. ನೀರು ಹಾಗೇ ಇತ್ತು. ಅತ್ತೆ ಲೋಟಕ್ಕೆ ಕೈ ಚಾಚಿದರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಅತ್ತೆ ಕುಡಿಯುತ್ತಿದ್ದರು, ಆಂಟಿ ಹೊಗಳುತ್ತಿದ್ದರು, ಕೆಲಸ ಖಾಯಂ ಆಗುತ್ತಿತ್ತು. ಆದರೆ ನನಗೆ ಸತ್ಯಾಂಶದ ಚಟ. ಉಪ್ಪಿನ ಡಬ್ಬಿಯನ್ನು ಟೇಬಲ್ಲಿನ ಮೇಲೆ ತಂದಿಟ್ಟವನು ನಾನು.

"ನೋಡಿ ಅತ್ತೆ," ಎಂದು ರೆಪ್ ಲೋಟವನ್ನು ಅವರ ಕೈಯಿಂದ ಮೆಲ್ಲನೆ ಬಿಡಿಸಿಕೊಂಡ. "ಇದು ಮೆಶಿನ್ ನೀರೇ ತಾನೆ? ಈಗ ಚಿಟಿಕೆ ಉಪ್ಪು ಹಾಕ್ತೀನಿ. ಬೇರೇನೂ ಇಲ್ಲ." ಹಾಕಿದ. ಕಲಕಿದ. ಅದ್ದಿದ. ಆಂಟಿಯ ಕಣ್ಣೆದುರೇ.

ಕಂದು. ನಲ್ಲಿ ನೀರಿಗಿಂತ ಗಾಢವಾಗಿ, ಗಸಿ ಸಮೇತ.

ರೆಪ್ ತನ್ನ ನೌಕರಿ ಆ ಲೋಟದಲ್ಲಿ ಕರಗುವುದನ್ನು ನೋಡುತ್ತ ನಿಂತ. ಈ ಒಂದು ಕ್ಷಣ ಅವನು ನೋಡಲು ಪರವಾಗಿಲ್ಲ ಎನ್ನುವಂತಿದ್ದ.

"ಅಯ್ಯಯ್ಯೋ," ಎಂದರು ಅತ್ತೆ. "ಉಪ್ಪೂ ಕೆಟ್ಟಿದೆ!"

"ಹೌದಲ್ರೀ!" ಎಂದರು ಆಂಟಿ. "ನೀರು ಚೆನ್ನಾಗೇ ಇತ್ತು. ಉಪ್ಪು ಬಿದ್ದ ಮೇಲೆ ತಾನೆ ಕೆಟ್ಟಿದ್ದು?" ಮತ್ತೆ ರೆಪ್‌ನ ಕಡೆ ತಿರುಗಿ, "ಏನ್ರೀ, ಉಪ್ಪಿಗೂ ನಿಮ್ಮ ಕಂಪನೀಲಿ ಮೆಶಿನ್ ಬಂದಿದ್ಯಾ?"

ನಗಬೇಡಿ. ಕಂಡದ್ದನ್ನಷ್ಟೇ ನಂಬಬೇಕು ಎಂದು ನಾವೇ ತಾನೆ ಹೇಳಿಕೊಟ್ಟಿದ್ದು? ಕಂಡದ್ದರ ಮಟ್ಟಿಗೆ ಅವರ ತೀರ್ಮಾನದಲ್ಲಿ ತಪ್ಪಿಲ್ಲ.

8.

ಮುಕ್ತಾಯಗಳು ಕೈಯಲ್ಲಿವೆ, ಆರಿಸಿಕೊಳ್ಳಿ.

ಅ) ರೆಪ್ "ಬರ್ತಾ ಇದೆ ಮೇಡಂ" ಎನ್ನುತ್ತಾನೆ. ಮುಂದಿನ ವರ್ಷ ಏರಿಯಾ ಮ್ಯಾನೇಜರ್ ಆಗುತ್ತಾನೆ. ಇದಕ್ಕೆ ಕಲ್ಪನೆಯ ಅಗತ್ಯವೇ ಇಲ್ಲ.

ಆ) ರೆಪ್ ಕಡ್ಡಿಗಳನ್ನು ಕಿಟಕಿಯಿಂದಾಚೆ ಎಸೆಯುತ್ತಾನೆ. ಕೆಳಗೆ ಯಾರದೋ ಕಾರಿನ ಗಾಜು ಒಡೆಯುತ್ತದೆ. ಕಾರಿನವನು ಮೇಲೆ ಬರುತ್ತಾನೆ, ಕಥೆ ಪೊಲೀಸ್ ಠಾಣೆಗೆ ಹೋಗುತ್ತದೆ. ನನಗೆ ಅಷ್ಟು ಪುರುಸೊತ್ತಿಲ್ಲ.

ಇ) ಬರೆಯಲು ಕೂತಿದ್ದೆ. ಅಷ್ಟರಲ್ಲಿ ಅತ್ತೆ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮುಚ್ಚಳ ತಿರುಗಿಸತೊಡಗಿದರು. ಅರ್ಧ ತಿರುಗಿಸಿ ಅಳಿಯನ ಮುಖ ನೋಡಿದರು.

"ಇದಕ್ಕೆ ಉಪ್ಪು ಬಿದ್ದಿಲ್ಲ. ಕುಡೀಬಹುದಲ್ವಾ, ಅಳಿಯಂದ್ರೇ?"

ಕುಡಿಯಬಹುದು. ಅದು ನಿಜ. ಆದರೆ ಅಷ್ಟೇ ಹೇಳಿ ಬಾಯಿ ಮುಚ್ಚಿದರೆ ಇಡೀ ಬಿಲ್ಡಿಂಗಿಗೆ ಮೆಶಿನ್ ಮಾರಾಟವಾದಂತೆ. 'ನಲ್ಲೀದೂ ಕುಡೀಬಹುದು' ಎಂದು ಸೇರಿಸಿದರೆ ಅದೂ ನಿಜವೇ, ಆದರೆ ಇದೂ ನಲ್ಲಿ ನೀರಿನಂಥದ್ದೇ ಎಂದುಕೊಂಡು ಅತ್ತೆ ಮುಚ್ಚಳವನ್ನು ತಿರುಗಿ ಬಿಗಿ ಮಾಡುತ್ತಾರೆ.

"ಸಾರ್, ಏನ್ ಹೇಳ್ಲಿ?" ರೆಪ್ ನನ್ನನ್ನು ಕೇಳಿದ. ಅಣಕ ಇರಲಿಲ್ಲ. ಬೆಂಚಿನ ಮೇಲೆ ಮಲಗಿದವನ ದನಿ ಅದು. ಮೊದಲ ಕರಡಿನಿಂದ ನನಗೆ ಪರಿಚಯವಿದೆ.

"ಅದನ್ನ ನಾನು ಬರೆಯಲ್ಲ," ಎಂದೆ.

"ಇಷ್ಟು ಹೊತ್ತು ಎಲ್ಲಾ ಗೊತ್ತಿರೋರ ಹಾಗೆ ಬರೆದ್ರಲ್ಲ ಸಾರ್?"

ಆಂಟಿ ಅವನನ್ನು ನೋಡುತ್ತಿದ್ದರು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಅವನು ಬಾಯಿ ತೆರೆದ.

"ಬೇಗ ಹೇಳಿಪ್ಪಾ," ಎಂದರು ಅತ್ತೆ. ಕೈ ಮುಚ್ಚಳದ ಮೇಲೇ ಇತ್ತು. "ಬಾಯಾರಿಕೆ ಆಗಿದೆ."