ಒಂದಕ್ಕೆ ಇಪ್ಪತ್ತೈದರ ಶೆವ್ರೊಲೆ

ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಕಾರು ಚೆನ್ನಾಗಿತ್ತು. ಚಿತ್ರದಲ್ಲಿ ಯಾವುದು ತಾನೇ ಚೆನ್ನಾಗಿರುವುದಿಲ್ಲ? ಭೀಮರಾಜ ಮುಚ್ಚಳ ತೆಗೆದು, ಒಳಗಿನ ಚೀಲ ಹರಿದು, ಬಿಳಿ ಪ್ಲಾಸ್ಟಿಕ್ಕಿನ ಬಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅರ್ಧ ನಿಮಿಷ ನೋಡಿದ. ಆಮೇಲೆ ಅನ್ನದಲ್ಲಿ ಕೂದಲು ಸಿಕ್ಕವನು ತಟ್ಟೆ ಸರಿಸುವ ಹಾಗೆ ಅದನ್ನು ಮೇಜಿನ ಮೇಲೆ ದೂರ ಸರಿಸಿದ.

"ಏನಾತು?" ಎಂದಳು ಹೆಂಡತಿ ಪ್ರಿಯಾ, ಕಚೇರಿಗೆ ಹೊರಡಲು ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತ.

"ತಲಿ ಮ್ಯಾಲೆ ಕುಟ್ಟಿ ಕಳಿಸ್ಯಾರ. ರೂಫ್ ನೋಡು."

"ನನಗೇನೋ ಕಾರ್ ಇದ್ದಂಗ ಐತಪ್ಪ."

"ಅದಕ್ಕ ನಿನ್ನ ಕೇಳಂಗಿಲ್ಲ ನಾನು."

"ಮೂರು ತಿಂಗ್ಳು ಕಾದು ತರಿಸ್ಕೊಂಡು, ಬಂದ ದಿನಾನೇ ಥೂ ಅಂತೀರಿ. ಹೆಣ್ಣು ನೋಡಾಕ ಬಂದಾಗ ಜೇಬಿನ್ಯಾಗ ಸ್ಕೇಲ್ ಇತ್ತೇನ್ರಿ?" ಎಂದು ಪ್ರಿಯಾ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಭೀಮರಾಜ ಕೂಡ್ಲಿಗಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳ ಕೈಗೆ ವರ್ನಿಯರ್ ಕ್ಯಾಲಿಪರ್ ಕೊಡುವಾಗ ಅವನು ಹೇಳುವ ಮೊದಲ ಮಾತು ಒಂದೇ: ವಸ್ತುವನ್ನು ಅಳೆಯುವ ಮುಂಚೆ ಉಪಕರಣದ ತಪ್ಪನ್ನು ಹುಡುಕಿ. ಮನೆಯ ಗಾಜಿನ ಕಪಾಟಿನಲ್ಲಿ ಅವನೇ ಕಿಟ್‌ಗಳಿಂದ ಜೋಡಿಸಿದ ಐದು ಹಳೆಯ ಅಮೆರಿಕನ್ ಕಾರುಗಳಿವೆ. ಎಲ್ಲವೂ ಒಂದಕ್ಕೆ ಇಪ್ಪತ್ತೈದರ ಪ್ರಮಾಣದವು. ನಿಜವಾದ ಕಾರಿನ ಇಪ್ಪತ್ತೈದು ಮಿಲಿಮೀಟರ್ ಅಲ್ಲಿ ಒಂದು ಮಿಲಿಮೀಟರ್. ಈಗ ಬಂದ ಆರನೆಯದು 1951ರ ಶೆವ್ರೊಲೆ. ಅವನ ತಂದೆ ಗಂಗಪ್ಪ ಕೊಟ್ಟೂರಿನ ಶೇಂಗಾ ಸಾಹುಕಾರರ ಬಳಿ ಇಪ್ಪತ್ಮೂರು ವರ್ಷ ಓಡಿಸಿದ್ದು ಇದೇ ಕಾರು.

ಚಕ್ರದಿಂದ ಚಕ್ರಕ್ಕೆ ಅಳತೆ ಸರಿಯಿತ್ತು. ಛಾವಣಿ ಮಾತ್ರ ಎರಡೂವರೆ ಮಿಲಿಮೀಟರ್ ತಗ್ಗು. ನಿಜವಾದ ಕಾರಿನಲ್ಲಿ ಅದು ಆರು ಸೆಂಟಿಮೀಟರಿಗಿಂತ ಹೆಚ್ಚು. ರುಮಾಲು ಸುತ್ತಿದ ಸಾಹುಕಾರ ಅದರ ಕೆಳಗೆ ಕತ್ತು ಬಗ್ಗಿಸಿಯೇ ಕೂರಬೇಕಾಗುತ್ತಿತ್ತು. ಬಾಗಿಲು ನಾಲ್ಕರ ಬದಲು ಎರಡು. ಸ್ಟೀರಿಂಗ್ ಎಡಕ್ಕಿತ್ತು, ಆದರೆ ಅದು ತಪ್ಪಲ್ಲ, ಅವರ ದೇಶದ ರೀತಿ. ಬಾಂಬೆಯಲ್ಲಿ ಜೋಡಣೆಯಾಗಿ ಬಂದ ಸಾಹುಕಾರರ ಕಾರಿಗೆ ಅದು ಬಲಕ್ಕಿತ್ತು. ಡ್ಯಾಶ್‌ಬೋರ್ಡನ್ನು ಮೂರು ತುಂಡು ಮಾಡಿ ಅದಲು ಬದಲು ಅಂಟಿಸಿದರೆ ಆಯಿತು. ಛಾವಣಿಯನ್ನು ಮಾತ್ರ ಅವನಿಂದ ಕ್ಷಮಿಸಲಾಗಲಿಲ್ಲ. ಯಾರೋ ಅಳೆದು ತಪ್ಪಿದ್ದಲ್ಲ ಅದು. ತಗ್ಗಿಸಿದರೆ ಚೆಂದ ಕಾಣುತ್ತದೆಂದು ಗೊತ್ತಿದ್ದೇ ತಗ್ಗಿಸಿದ್ದು. ಸುಳ್ಳಿನಲ್ಲಿ ಅವನಿಗೆ ಅತಿ ಹೇಸಿಗೆ ಹುಟ್ಟಿಸುತ್ತಿದ್ದದ್ದು ಈ ಜಾತಿಯ ಸುಳ್ಳು.

ಈ ಸಲ ತಪ್ಪಾಗುವಂತಿರಲಿಲ್ಲ. ಸಾಹುಕಾರರ ಮೊಮ್ಮಗ ಅರುಣಕುಮಾರ್ ಕೊಟ್ಟೂರಿನಲ್ಲಿ ಹೊಸ ಲಾಡ್ಜ್ ಕಟ್ಟಿಸುತ್ತಿದ್ದ. ಅದರ ಮುಂಗೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಜ್ಜನ ಕಾರಿನ ಮಾದರಿ ಇಡಬೇಕೆಂಬ ಆಸೆ ಅವನದು. ಕೆಳಗೆ ಹಿತ್ತಾಳೆಯ ಫಲಕ. ಅದರಲ್ಲಿ ಅಜ್ಜನ ಹೆಸರು, ಅದರ ಕೆಳಗೆ 'ಚಾಲಕರು: ಶ್ರೀ ಗಂಗಪ್ಪ'. ಮಾತು ಕೇಳಿದ ದಿನವೇ ಗಂಗಪ್ಪ ಲಾಡ್ಜಿನ ಆರಂಭದ ದಿನಕ್ಕೆಂದು ಬಿಳಿ ಬಟ್ಟೆ ತಂದು ಅಂಗಿ ಹೊಲಿಸಿದ್ದ. ಎಂಬತ್ತರ ಹತ್ತಿರದ ಮನುಷ್ಯ ಆ ಅಂಗಿಯನ್ನು ಇಸ್ತ್ರಿ ಮಾಡಿಸಿ, ಹಜಾರದಲ್ಲಿ ಬುದ್ಧನ ಚಿತ್ರದ ಪಕ್ಕದ ಮೊಳೆಗೆ ನೇತುಹಾಕಿ, ಬಂದವರಿಗೆಲ್ಲ ತೋರಿಸುತ್ತಿದ್ದ.

"ಶ್ರೀ ಅಂತನೂ ಹಾಕ್ತಾರಂತಪ್ಪ, ಹಿತ್ತಾಳಿ ಮ್ಯಾಲೆ" ಎನ್ನುತ್ತಿದ್ದ.

ಭೀಮರಾಜ ಸಂಭಾವನೆ ಬೇಡವೆಂದಿದ್ದ. ಅವನ ಷರತ್ತು ಒಂದೇ, ನಿಜವಾದ ಕಾರನ್ನು ಅಳೆಯಲು ಬಿಡಬೇಕು.

ಕಾರು ಕೊಟ್ಟೂರಿನ ಹಳೆಯ ಶೇಂಗಾ ಮಿಲ್ಲಿನ ಗೋದಾಮಿನಲ್ಲಿತ್ತು. ಭಾನುವಾರ ಬೆಳಗ್ಗೆ ಅರುಣಕುಮಾರ್ ಬೀಗ ತೆಗೆದ. ಬಾವಲಿ ಹಿಕ್ಕೆಯ ವಾಸನೆ ಗಂಟಲಿಗೇ ಬಂದು ಕೂತಿತು. ಭೀಮರಾಜ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಬೆಸುಗೆ ಹಾಕುವ ಮೆತ್ತನೆಯ ತಂತಿಯನ್ನು ಛಾವಣಿಯ ಮೇಲೆ ಒತ್ತಿ, ಬಾಗಿದ ತಂತಿಯನ್ನು ಹಾಗೇ ಎತ್ತಿ ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡ. ಛಾವಣಿಯ ಬಗ್ಗೆ ಅವನ ಅನುಮಾನ ನಿಜವಾಗಿತ್ತು. ಆ ಕ್ಷಣ ಅವನಿಗೆ ಸಂತೋಷವೇ ಆಯಿತು.

"ನಿಮ್ಮಂಥೋರು ಸಿಗಲ್ಲ ಬಿಡಿ ಸಾರ್," ಎಂದ ಅರುಣಕುಮಾರ್, ಮೊಬೈಲಿನ ಬೆಳಕು ಹಿಡಿದು. "ಒಳಗೂ ನೋಡಿ, ಒಳಗೂ ಹಂಗೇ ಇಟ್ಟೀವಿ."

ಮುಂದಿನ ಬಾಗಿಲು ಕಿರುಗುಟ್ಟುತ್ತ ತೆರೆಯಿತು. ಆ ಕಾಲದ ಕಾರುಗಳಿಗೆ ಮುಂದೆ ಒಂದೇ ಉದ್ದನೆಯ ಸೀಟು, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ. ಇಲ್ಲಿ ಸೀಟು ಎಡಗಡೆಯಿಂದ ಶುರುವಾಗಿ ಅರ್ಧಕ್ಕಿಂತ ಸ್ವಲ್ಪ ಮುಂದೆ ಬಂದು ನಿಂತುಬಿಟ್ಟಿತ್ತು. ಸ್ಟೀರಿಂಗಿನ ಮುಂದೆ ಸೀಟೇ ಇರಲಿಲ್ಲ. ನೆಲದಲ್ಲಿ ನಾಲ್ಕು ಬೋಲ್ಟಿನ ತೂತುಗಳಿದ್ದವು.

"ಸೀಟೇನಾತು?"

"ಇಲಿ ಕಡ್ದಾವೇನೋ ಸಾರ್. ವರ್ಷಗಟ್ಟಲೆ ಆತಲ್ಲ."

ಭೀಮರಾಜ ಬಗ್ಗಿ ನೋಡಿದ. ಸೀಟಿನ ಒಳಗಿನ ಕಬ್ಬಿಣದ ಪಟ್ಟಿ ನೆಟ್ಟಗೆ ತುಂಡಾಗಿತ್ತು. ಕೊಯ್ದ ತುದಿಗೆ ಬಣ್ಣ ಬಳಿದಿದ್ದರು. ಹಸಿರು ರೆಕ್ಸಿನನ್ನು ಒಳಕ್ಕೆ ಮಡಿಸಿ ಸಣ್ಣ ಮೊಳೆ ಹೊಡೆದಿದ್ದರು, ಮೊಳೆಗಳ ನಡುವೆ ಒಂದೇ ಅಂತರ. ಅಚ್ಚುಕಟ್ಟಾದ ಕೆಲಸ.

"ಇಲಿ ಗರಗಸ ಹಿಡಿಯಂಗಿಲ್ರಿ," ಎಂದ.

ಅರುಣಕುಮಾರ್ ಮೊಬೈಲಿನ ಬೆಳಕನ್ನು ಸೀಟಿನಿಂದ ಬೇರೆ ಕಡೆ ತಿರುಗಿಸಿದ. "ಹಾಂ, ಅಜ್ಜಿ ಹೇಳ್ತಿದ್ರು. ಡ್ರೈವರಿಗೆ ಅಂತ ಹಲಗಿ ಹಾಕ್ಸಿದ್ರಂತೆ. ಬೆನ್ನು ನೋವಿಗೆ ಹಲಗಿ ಒಳ್ಳೇದಲ್ವಾ ಸಾರ್."

ಬಾವಲಿಯ ವಾಸನೆ ಮತ್ತೆ ಗಂಟಲಿಗೆ ಬಂತು. ಭೀಮರಾಜ ಹೊರಗೆ ಹೋಗಿ ಗೋಡೆ ಹಿಡಿದು ನಿಂತ. ಆಮೇಲೆ ಒಳಗೆ ಬಂದು ತೂತಿನಿಂದ ತೂತಿಗೆ ಅಳತೆ ತೆಗೆದುಕೊಂಡ. ಬೇರೇನು ಮಾಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ.

ಕೂಡ್ಲಿಗಿಗೆ ಮರಳಿದಾಗ ಗಂಗಪ್ಪ ಮನೆ ಮುಂದಿನ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದ.

"ನಿನಗ ಬೆನ್ನು ನೋವಿತ್ತೇನಪ್ಪ, ಕಾರ್ ಓಡಿಸುವಾಗ?"

"ಇಪ್ಪತ್ತೊಂದು ವರ್ಷದ ಹುಡುಗಗ ಎಂಥಾ ಬೆನ್ನುನೋವಲೇ?" ಎಂದು ನಕ್ಕ ಗಂಗಪ್ಪ. ಮಗನ ಮುಖ ನೋಡಿದ ಮೇಲೆ ನಗು ಇಳಿಯಿತು. ಅಡಕತ್ತರಿ ಕೆಳಗಿಟ್ಟ. "ನೋಡಿದೇನು?"

"ನೋಡಿದೆ."

"ಸಾಹುಕಾರ್ರಿಗೆ ಹಿಂದಿನ ಸೀಟು ಆಗ್ತಿರ್ಲಿಲ್ಲ. ಹರಪನಹಳ್ಳಿ ಮುಟ್ಟಾದ್ರಾಗ ಎರಡ್ ಸಲ ವಾಂತಿ. ಹಿಂಗಾಗಿ ಮುಂದೇ ಕುಂದ್ರಬೇಕು. ಮುಂದಿನ ಸೀಟು ಒಂದೇ ಉದ್ದಕ್ಕ. ಒಂದೇ ಸೀಟಿನ್ಯಾಗ ನಾನೂ ಅವ್ರೂ ಹೆಂಗ್ ಕುಂದ್ರಾದು? ಬಡಿಗ್ಯಾರಂವನ್ನ ಕರಿಸಿದ್ರು, ಕೊಯ್ಸಿದ್ರು."

"ನೀನೇನಂದಿ?"

"ನಾನೇನಂತೀನಿ? ಪಟ್ಟಿ ಅಲುಗಾಡತಿತ್ತು. ಹಿಡ್ಕೋ ಅಂದ್ರು. ಹಿಡ್ಕೊಂಡೆ."

ಬಾಲ್ಯದಿಂದ ಆ ಕಾರಿನ ಕಥೆ ಕೇಳಿ ಬೆಳೆದವನು ಭೀಮರಾಜ. ಹಗರಿಬೊಮ್ಮನಹಳ್ಳಿಯ ರೈಲ್ವೆ ಗೇಟಿನಲ್ಲಿ ಬ್ರೇಕ್ ಹೋದದ್ದು, ಹಡಗಲಿಯ ದಾರಿಯಲ್ಲಿ ರೇಡಿಯೇಟರಿಗೆ ಎಳನೀರು ಹಾಕಿದ್ದು, ಮೂರನೇ ಗೇರಿನ ಸದ್ದು ಹೇಗಿತ್ತೆಂಬುದು, ಎಲ್ಲ ಅವನಿಗೆ ಬಾಯಿಪಾಠ. ಅಪ್ಪ ಯಾವುದರ ಮೇಲೆ ಕೂತಿದ್ದ ಎಂದು ಒಂದು ದಿನವೂ ಕೇಳಿರಲಿಲ್ಲ. ಎಲ್ಲಿಯೋ ದೂರದ ಕಂಪನಿಯೊಂದು ಎರಡೂವರೆ ಮಿಲಿಮೀಟರ್ ತಪ್ಪಿದ್ದಕ್ಕೆ ಥೂ ಎಂದಿದ್ದ.

"ಒಳ್ಳೇ ಮನುಷ್ಯ ಆತ," ಎಂದ ಗಂಗಪ್ಪ. "ನಮ್ಮ ಕೇರಿಯವನ ಕೈಯಾಗ ಕಾರಿನ ಚಾವಿ ಕೊಟ್ಟ ಇನ್ನೊಬ್ರನ್ನ ತೋರ್ಸು ಆ ಕಾಲಕ್ಕ. ನೀನು ಸೀಟು ಡಬ್ಬಿಯಾಗ ಬಂದಂಗ ಇರ್ಲಿ ಬಿಡು. ಯಾರ್ ನೋಡ್ತಾರ ಒಳಗ?"

ಆ ಮಾತು ಹೇಳುವಾಗ ಅವನ ಕಣ್ಣು ಬಾಗಿಲಾಚೆ ಹಜಾರದ ಮೊಳೆಯಲ್ಲಿದ್ದ ಅಂಗಿಯ ಮೇಲಿತ್ತು. ಭೀಮರಾಜ ಅದನ್ನು ಗಮನಿಸಿದ. ಫಲಕ, ಹೆಸರು, ಶ್ರೀ. ಸೀಟನ್ನು ಕಿಟ್‌ನಲ್ಲಿದ್ದ ಹಾಗೆ ಬಿಟ್ಟರೆ ಅಪ್ಪನಿಗೆ ಅವೆಲ್ಲ ಸಿಗುತ್ತವೆ.

ಎರಡು ತಿಂಗಳು ಅವನು ಸಂಜೆಗಳನ್ನೆಲ್ಲ ಅದಕ್ಕೇ ಕೊಟ್ಟ. ಛಾವಣಿಯ ಕಂಬಗಳನ್ನು ಕೊಯ್ದು ಎರಡೂವರೆ ಮಿಲಿಮೀಟರ್ ಎತ್ತರಿಸಿದ. ಎರಡು ಬಾಗಿಲನ್ನು ನಾಲ್ಕು ಮಾಡಿ ಹಿತ್ತಾಳೆ ತಂತಿಯ ಕೀಲು ಕೂರಿಸಿದ. ಸ್ಟೀರಿಂಗನ್ನು ಬಲಕ್ಕೆ ತಂದ. ಎಲ್ಲ ಮುಗಿದ ಮೇಲೂ ಮುಂದಿನ ಸೀಟು ಹಸಿರು ಬಣ್ಣ ಹಚ್ಚಿಕೊಂಡು ಮೇಜಿನ ಮೇಲೆ ಇಡಿಯಾಗಿ ಬಿದ್ದಿತ್ತು. ನಾಲ್ಕು ದಿನ ಅದನ್ನು ನೋಡಿದ. ಐದನೆಯ ದಿನ ಸಣ್ಣ ಗರಗಸ ತೆಗೆದುಕೊಂಡು ಕೊಯ್ದ. ಎಡಗೈಯಿಂದ ಅಲುಗಾಡದಂತೆ ಹಿಡಿದುಕೊಂಡಾಗ ಬೆರಳು ಬೆವರಿದವು. ಕೆಲಸ ಬಿಟ್ಟು ಕೈ ತೊಳೆದುಕೊಂಡು ಬರಬೇಕಾಯಿತು. ತೆಳುವಾದ ಕಟ್ಟಿಗೆಯಲ್ಲಿ ಹಲಗೆ ಮಾಡಿ ಖಾಲಿ ಜಾಗದಲ್ಲಿ ಕೂರಿಸಿದ. ಬಿಗಿಯಾಗಿ ಕೂತಿತು. ಅಪ್ಪನಿಗೆ ತೋರಿಸಲಿಲ್ಲ.

ಲಾಡ್ಜಿನ ಆರಂಭಕ್ಕೆ ಒಂದು ವಾರವಿರುವಾಗ ಅರುಣಕುಮಾರ್ ಕಾರು ಒಯ್ಯಲು ಕೂಡ್ಲಿಗಿಗೆ ಬಂದ. ಪ್ರಿಯಾ ಟೀ ಕೊಟ್ಟಳು. ಗಂಗಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ.

"ಏನ್ ಸಾರ್ ಇದು! ಹಂಗಂದ್ರೆ ಹಂಗೇ ಐತಿ!" ಅರುಣಕುಮಾರ್ ಮಾದರಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತಿರುಗಿಸಿದ. ತಿರುಗಿಸುತ್ತ ನಿಂತ. "ಒಳಗೆ... ಇದೇನ್ ಸಾರ್?"

"ಹಲಗಿ."

"ಇದು ಬೇಕಾ?"

"ನಿಮ್ಮ ಕಾರಿನ್ಯಾಗ ಇತ್ತಲ್ರಿ."

"ಜನ ಕೇಳಿದ್ರೆ ನಾನೇನ್ ಹೇಳ್ಲಿ?"

"ಬೆನ್ನುನೋವು ಅಂತ ಹೇಳ್ರಿ."

ಅರುಣಕುಮಾರ್ ಕೆಂಪಾದ. "ನಾವ್ ಈಗ ಹಂಗಿಲ್ಲ ಸಾರ್. ನೋಡಿ, ನಿಮ್ ಮನಿ ಟೀ ಕುಡಿಯಾಕತ್ತಿಲ್ವಾ ನಾನು?" ಎಂದು ಕಪ್ಪನ್ನು ಸಾಕ್ಷಿಯ ಹಾಗೆ ಎತ್ತಿ ತೋರಿಸಿದ.

ಪ್ರಿಯಾ ಆ ಕಪ್ಪನ್ನು ನೋಡಿ ಒಳಗೆ ಹೋದಳು. ಭೀಮರಾಜನಿಗೆ ಗೋದಾಮಿನ ವಾಸನೆ ಹಜಾರದಲ್ಲೇ ಬಂದಂತಾಯಿತು.

"ಹಲಗಿ ಇಟ್ರೆ ನಿಮ್ ತಂದೆ ಹೆಸ್ರು ಹಾಕಾಕಾಗಲ್ಲ ಸಾರ್," ಅರುಣಕುಮಾರ್ ದನಿ ತಗ್ಗಿಸಿದ. "ಬರೀ ಹಲಗಿ ಇದ್ರೆ ಏನೋ ಒಂದು ಹೇಳಬಹುದು. ಅವರು ಯಾವ ಕೇರಿಯವ್ರಂತ ಊರಿಗೇ ಗೊತ್ತು, ಹಲಗಿನೂ ಹೆಸ್ರೂ ಎರಡೂ ಇದ್ರೆ ಜನ ಕೂಡಿಸ್ಕೊಂಡು ಓದ್ತಾರೆ. ನೀವೇ ಯೋಚ್ನೆ ಮಾಡಿ. ಐದು ನಿಮಿಷದ ಕೆಲ್ಸ, ಒಂದು ಸೀಟು ಹಾಕಾದು."

ಭೀಮರಾಜ ಅಪ್ಪನ ಕಡೆ ನೋಡಲಾರದೆ ನೆಲ ನೋಡಿದ. ಎರಡು ತಿಂಗಳಲ್ಲಿ ಮೊದಲ ಸಲ ಅವನಿಗೆ ತನ್ನ ಕೆಲಸದ ಬಗ್ಗೆ ಅನುಮಾನ ಬಂತು. ಹೆಸರು ಅಪ್ಪನದು. ಅಂಗಿ ಅಪ್ಪನದು. ಹಲಗೆಯ ಮೇಲೆ ಇಪ್ಪತ್ಮೂರು ವರ್ಷ ಕೂತವನೂ ಅಪ್ಪನೇ. ತಾನು ಕೂತಿದ್ದು ಗಾಜಿನ ಕಪಾಟಿನ ಮುಂದೆ.

"ಇಲ್ಲಿ ಕೊಡ್ರಿ," ಎಂದ ಗಂಗಪ್ಪ.

ಅರುಣಕುಮಾರ್ ಮಾದರಿಯನ್ನು ಅವನ ಕೈಗೆ ಕೊಟ್ಟ. ಗಂಗಪ್ಪ ಉಗುರಿನಿಂದ ಮುಂದಿನ ಬಾಗಿಲು ತೆರೆದು, ಕಣ್ಣಿನ ಹತ್ತಿರಕ್ಕೆ ತಂದು, ಬಹಳ ಹೊತ್ತು ಒಳಗೆ ನೋಡಿದ. ಆಮೇಲೆ ಕಿರುಬೆರಳ ತುದಿಯಿಂದ ಹಲಗೆ ಮುಟ್ಟಿದ.

"ತಪ್ಪೈತಿ ಇದು."

"ನೋಡಿ ಸಾರ್, ಅವರೇ ಹೇಳ್ತಾರೆ," ಎಂದ ಅರುಣಕುಮಾರ್, ಉಸಿರು ಬಿಟ್ಟು.

"ಹಲಗಿ ಇಷ್ಟು ಅಗಲ ಇರ್ಲಿಲ್ಲ," ಎಂದ ಗಂಗಪ್ಪ ಮಗನಿಗೆ. "ಸೀಟಿಗೆ ಹತ್ತಿಸಿಬಿಟ್ಟೀಯಲ್ಲಲೇ! ಹತ್ತಂಗಿರ್ಲಿಲ್ಲ ಅದು. ನಡುವ ನಾಕು ಬಟ್ಟು ಸಂದು ಇರ್ತಿತ್ತು. ಹಲಗಿ ಸೀಟಿಗೆ ತಾಗಿದ್ರ ಮತ್ತ ಕೊಯ್ದಿದ್ದಾದ್ರೂ ಯಾತಕ್ಕ?" ನಾಲ್ಕು ಬೆರಳು ಜೋಡಿಸಿ ಅರುಣಕುಮಾರ್‌ನ ಮುಂದೆ ಹಿಡಿದ. "ನಿಮ್ಮಜ್ಜ ದಿನಾ ಹತ್ತಾಕಿಂತ ಮುಂಚೆ ಹಿಂಗ ಕೈ ಇಟ್ಟು ನೋಡಾರು, ಬೋಲ್ಟು ಸಡ್ಲಾಗಿ ಹಲಗಿ ಸರದೈತೇನಂತ. ಒಮ್ಮೆ ಸರದಿತ್ತು. ಅವತ್ತು ಮೈಲಾರದಾಗ ಬ್ಯಾರೆ ಡ್ರೈವರನ್ನ ಕರಿಸ್ಕೊಂಡು ಕಾರ್ ಒಯ್ದ್ರು, ನನಗ ನಡಕೊಂಡು ಬಾ ಅಂದ್ರು. ನಡದೆ."

ಈ ಕಥೆಯನ್ನು ಭೀಮರಾಜನೂ ಕೇಳಿರಲಿಲ್ಲ.

"ಒಯ್ಯಿರಿ ನೀವು," ಎಂದ ಗಂಗಪ್ಪ ಮೆತ್ತಗೆ. "ಆದ್ರ ಸರಿ ಮಾಡಿಸ್ಕೊಂಡು ಒಯ್ಯಿರಿ. ತಪ್ಪು ಗಾಡಿ ಕೆಳಗ ನನ್ನ ಹೆಸ್ರು ಹಾಕಬ್ಯಾಡ್ರಿ."

ಅರುಣಕುಮಾರ್ ಕಪ್ಪನ್ನು ಮೇಜಿನ ಮೇಲಿಟ್ಟ. ಅರ್ಧ ಟೀ ಹಾಗೇ ಇತ್ತು. "ಫೋನ್ ಮಾಡ್ತೀನಿ ಸಾರ್," ಎಂದು ಎದ್ದು ಹೋದ. ಅವನು ಮಾಡುವುದಿಲ್ಲವೆಂದು ಮನೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಪ್ರಿಯಾ ಹೊರಗೆ ಬಂದು ಅಂಗಿಯನ್ನು ಮೊಳೆಯಿಂದ ತೆಗೆದಳು. "ಧೂಳು ಕುಂತೈತಿ. ನಾಳೆ ಹಾಕ್ಕೊಂಡ್ಬಿಡ್ರಿ ಮಾವ, ಸಂತಿಗೆ ಹೋಗುವಾಗ."

"ಸಂತಿಗೆ ಬಿಳಿ ಅಂಗಿನಾ?" ಎಂದ ಗಂಗಪ್ಪ. ಬೇಡವೆನ್ನಲಿಲ್ಲ.

ಭೀಮರಾಜ ಚಿಮಟಿಗೆಯಿಂದ ಹಲಗೆಯನ್ನು ಎಬ್ಬಿಸಿದ. ಕ್ಯಾಲಿಪರಿನ ಬಾಯಿ ಮುಚ್ಚಿ ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ನೋಡಿದ, ಅಭ್ಯಾಸಬಲದಿಂದ. ಆಮೇಲೆ ಅಪ್ಪನ ಬಲಗೈ ಎಳೆದುಕೊಂಡು, ಜೋಡಿಸಿದ ನಾಲ್ಕು ಬೆರಳುಗಳ ಅಗಲ ಹಿಡಿದ. ಎಪ್ಪತ್ತೈದು ಮಿಲಿಮೀಟರ್. ಇಪ್ಪತ್ತೈದರಿಂದ ಭಾಗಿಸಿದರೆ ಮೂರು. ಹಲಗೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಅರ ಹಾಕತೊಡಗಿದ.

ಗಂಗಪ್ಪ ಕತ್ತು ಚಾಚಿ ನೋಡುತ್ತಿದ್ದ.

"ನನ್ನ ಕೈ ಅಳದೇನು? ಸಂದು ನೋಡ್ತಿದ್ದದ್ದು ನನ್ನ ಕೈ ಅಲ್ಲಲೇ," ಎಂದ. "ಅವರ ಬಟ್ಟು ದಪ್ಪ ಇದ್ವು. ಇನ್ನೊಂಚೂರು ತಗಿ."