ನಲವತ್ತೆರಡು ಪತ್ರ, ಒಂದೇ ಸಾಲು

ಕೊನೆಯ ತರಗತಿಯವರಿಗೆ ಮುಂದೇನು ಓದಬೇಕೆಂದು ದಾರಿ ತೋರಿಸುವ ಕೆಲಸವನ್ನು ಶಾಲೆಯವರು ನನ್ನ ತಲೆಗೆ ಕಟ್ಟಿದ್ದರು. ಅದರ ಜೊತೆಗೆ ಪ್ರತಿಯೊಬ್ಬರಿಗೂ ಒಂದು ಶಿಫಾರಸು ಪತ್ರ ಬೇರೆ. ನಲವತ್ತೆರಡು ಮಕ್ಕಳ ಗುಣಗಾನ ಮಾಡುತ್ತ ಕೂರಲು ನನಗೇನು ಬೇರೆ ಕೆಲಸವಿಲ್ಲವೇ? ಒಂದೇ ಪತ್ರ ಬರೆದೆ. ಹೆಸರು ಮಾತ್ರ ಬದಲಿಸಿ ಪ್ರಿಂಟ್ ತೆಗೆದು, ಲಕೋಟೆಗೆ ಹಾಕಿ ಹಂಚಿ ಕೈತೊಳೆದುಕೊಂಡೆ.

ಮರುವಾರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದಳು. ಮೂರು ವರ್ಷ ಪಾಠ ಮಾಡಿದ್ದರೂ ಅವಳ ಹೆಸರು ನೆನಪಾಗಲಿಲ್ಲ. ಅವಳ ಕೈಯಲ್ಲಿದ್ದ ಪತ್ರದತ್ತ ಕಳ್ಳನಂತೆ ಕಣ್ಣು ಹಾಯಿಸಿದೆ.

“ಸರ್, ಬೇರೆಯವರ ಕಷ್ಟವನ್ನ ತಾಳ್ಮೆಯಿಂದ ಕೇಳೋ ಗುಣ ನನಗಿದೆ ಅಂತ ಬರ್ದಿದ್ದೀರಲ್ಲ, ಅದನ್ನ ಓದೇ ನರ್ಸಿಂಗ್‌ಗೆ ಅರ್ಜಿ ಹಾಕ್ದೆ. ಅಮ್ಮ ನಂಬ್ತಾನೇ ಇಲ್ಲ, ನೀನೇ ಬರ್ಕೊಂಡಿರ್ತೀಯ ಅಂತಾರೆ. ನೀವೊಂದು ಮಾತು ಹೇಳ್ತೀರಾ?”

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಅಮ್ಮನಿಗೆ ಕರೆ ಮಾಡಿ, ಫೋನು ನನ್ನ ಕೈಗೆ ಬಂದಾಗಿತ್ತು.

“ಹೌದಮ್ಮ, ನಾನೇ ಬರೆದದ್ದು,” ಎಂದೆ. ಅದು ಸುಳ್ಳಲ್ಲ ಎಂಬುದೇ ಹೆಚ್ಚು ಚುಚ್ಚಿತು.

ಆ ಕಡೆಯಿಂದ ತಾಯಿ ತಗ್ಗಿದ ದನಿಯಲ್ಲಿ ಹೇಳಿದರು:

“ಹುಟ್ಟಿದಾಗಿಂದ ಅವಳ ಜೊತೇಲೇ ಇದ್ದೀನಿ ಮೇಷ್ಟ್ರೇ. ಹೆತ್ತ ನನಗೆ ಕಾಣದ್ದು ನಿಮಗೆ ಕಾಣ್ತಲ್ಲ. ನಾಚಿಕೆ ಆಗ್ತಿದೆ ನನಗೆ.”